ಹಳೆ ಶೆವೆಲ್‌ಗೆ ಟರ್ಬೊ 350 ಗೇರ್‌ಬಾಕ್ಸ್ ಕೂರಿಸುವುದು ಹೇಗೆ?

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ದಿನ ಅದು. ಮೈಲಿಗಟ್ಟಲೆ ಹಳೆ ಕಾರುಗಳು, ಗುಡುಗುವ ವಿ8 ಎಂಜಿನ್‌ಗಳು. ಆ ಸಾಲಿನಲ್ಲಿ ನಮ್ಮ 1967ರ ಶೆವರ್ಲೆ ಶೆವೆಲ್ ಮಾಲಿಬು ಕೂಡ ಒಂದು. ಮೈಯೆಲ್ಲ ಚಂದ, 283 ಘನ ಇಂಚಿನ ಎಂಜಿನ್ ಚಂದ. ಆದರೆ ಸಿಗ್ನಲ್ ಹಸಿರಾದ ಕೂಡಲೇ ಮಾನ ಹೋಗುತ್ತಿತ್ತು. ಕಾರಣ, ಅದಕ್ಕಿದ್ದದ್ದು ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್.

ಪವರ್‌ಗ್ಲೈಡ್ ಕೆಟ್ಟದ್ದೇನಲ್ಲ. 1950ರಿಂದ 1973ರವರೆಗೆ ಶೆವರ್ಲೆ ಅದನ್ನು ಲಕ್ಷಗಟ್ಟಲೆ ಕಾರುಗಳಿಗೆ ಹಾಕಿತು. ಗಟ್ಟಿ ಜೀವ. ಆದರೆ ಅದರ ಮೊದಲ ಗೇರಿನ ಅನುಪಾತ 1.76 ಅಥವಾ 1.82. 1969ರಲ್ಲಿ ಬಂದ ಟರ್ಬೊ ಹೈಡ್ರಾಮ್ಯಾಟಿಕ್ 350ಕ್ಕೆ ಮೂರು ಗೇರು: 2.52, 1.52, 1.00. ಅಂದರೆ ನಿಂತಲ್ಲಿಂದ ಹೊರಡುವಾಗ ಚಕ್ರಕ್ಕೆ ಸುಮಾರು 40% ಜಾಸ್ತಿ ಎಳೆತ. ಎಂಜಿನ್ ಮುಟ್ಟದೆ, ಹಿಂದಿನ ಆಕ್ಸಲ್ ಮುಟ್ಟದೆ ಇಷ್ಟು ಸಿಗುತ್ತದೆ ಅಂದರೆ ಯಾರು ಬೇಡ ಅಂತಾರೆ?

ಈ ಬರಹ ಪವರ್‌ಗ್ಲೈಡ್ ತೆಗೆದು 350 ಕೂರಿಸುವವರಿಗೆ. ನಾನು ಮಾಡಿದ್ದು ಶೆವೆಲ್‌ನಲ್ಲಿ. ಅದೇ ಕಾಲದ ಸ್ಮಾಲ್ ಬ್ಲಾಕ್ (ಶೆವರ್ಲೆಯ ಚಿಕ್ಕ ವಿ8, ನಮ್ಮ 283 ಕೂಡ ಇದೇ ಬಳಗ) ಎಂಜಿನ್ನಿನ ಕಮಾರೋದಲ್ಲೂ ಬಹುಪಾಲು ಇದೇ ಕೆಲಸ.

ಯಾಕೆ 350ನೇ?

700ಆರ್4 ಅನ್ನುವ ಆಮೇಲಿನ ಗೇರ್‌ಬಾಕ್ಸ್ ಹಾಕಿ, ನಾಲ್ಕು ಗೇರು ಸಿಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಹೆದ್ದಾರಿಯಲ್ಲಿ ದಿನಾ ಓಡಿಸುವವರಿಗೆ ಅದು ಸರಿ. ಆದರೆ ಅದರಲ್ಲಿ ಕಾರ್ಬುರೇಟರ್‌ನಿಂದ ಬರುವ ಕೇಬಲ್ ಒಳಗಿನ ಆಯಿಲ್ ಒತ್ತಡವನ್ನೇ ನಿರ್ಧರಿಸುತ್ತದೆ. ಕೇಬಲ್ ಚೂರು ಸಡಿಲವಾಗಿದ್ದರೂ ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. ಟರ್ಬೊ 400 ದೈತ್ಯ, ಬಿಗ್ ಬ್ಲಾಕ್‌ಗೆ, ಅಂದರೆ ದೊಡ್ಡ ವಿ8ಗೆ, ಹೇಳಿ ಮಾಡಿಸಿದ್ದು. ಆದರೆ ಅದಕ್ಕೆ ಕ್ರಾಸ್‌ಮೆಂಬರ್ (ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ) ಹಿಂದಕ್ಕೆ ಸರಿಸಬೇಕು, ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟಿನ ಯೋಕ್ (ಗೇರ್‌ಬಾಕ್ಸಿಗೆ ತೂರುವ ಮುಂತುದಿ) ಬದಲಿಸಬೇಕು.

350ರ ಸುಖವೇ ಬೇರೆ. ಬಾಲ ಗಿಡ್ಡದ್ದು, ಅಂದರೆ 6 ಇಂಚಿನ ಟೇಲ್ ಹೌಸಿಂಗ್ ಇರುವುದನ್ನು ತಂದರೆ ಅದರ ಉದ್ದ ಪವರ್‌ಗ್ಲೈಡ್‌ನಷ್ಟೇ, ಹೆಚ್ಚೆಂದರೆ ಕಾಲಿಂಚು ಆಚೀಚೆ. ಹಿಂಬದಿ ಶಾಫ್ಟಿನಲ್ಲಿ ಎರಡಕ್ಕೂ 27 ಹಲ್ಲು. ಹಾಗಾಗಿ ಹಳೆ ಡ್ರೈವ್‌ಶಾಫ್ಟ್ (ನಮ್ಮೂರ ಗ್ಯಾರೇಜುಗಳಲ್ಲಿ ಇದನ್ನೇ ಪ್ರೊಪೆಲ್ಲರ್ ಶಾಫ್ಟ್ ಅಂತಾರೆ), ಹಳೆ ಕ್ರಾಸ್‌ಮೆಂಬರ್ ಹಾಗೇ ಉಳಿಯುತ್ತವೆ.

ಕೊಳ್ಳುವಾಗ ನೋಡಬೇಕಾದ್ದು

ಗುಜರಿಯಲ್ಲಿ ಅಥವಾ ಯಾರದೋ ಶೆಡ್ಡಿನಲ್ಲಿ "350" ಅಂತ ಹೇಳಿ ತೋರಿಸಿದ್ದೆಲ್ಲ ನಿಮಗೆ ಆಗುವುದಿಲ್ಲ. ಮೊದಲು ಕೆಳಗಿನ ಆಯಿಲ್ ಪ್ಯಾನ್ ನೋಡಿ. 350ರದ್ದು ಹೆಚ್ಚುಕಮ್ಮಿ ಚೌಕ, ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿದಂತಿರುತ್ತದೆ, 13 ಬೋಲ್ಟು.

ಆಮೇಲೆ ಬೆಲ್‌ಹೌಸಿಂಗ್, ಅಂದರೆ ಎಂಜಿನ್ನಿಗೆ ಅಂಟುವ ಮುಂದಿನ ಅಗಲ ಬಾಯಿ. ಇದೇ ಗೇರ್‌ಬಾಕ್ಸ್ ಬ್ಯೂಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಕಾರುಗಳಿಗೂ ಹೋಗಿತ್ತು. ಅವುಗಳ ಬೋಲ್ಟ್ ತೂತುಗಳ ಜಾಗ ಬೇರೆ. ಮೇಲ್ಭಾಗದ ನಡುವೆ ಇಂಗ್ಲಿಷ್ ವಿ ಅಕ್ಷರದ ಹಾಗೆ ತಗ್ಗು ಇದ್ದರೆ ಅದು ಆ ಬಳಗದ್ದು, ನಿಮ್ಮ ಶೆವರ್ಲೆ ಎಂಜಿನ್ನಿಗೆ ಕೂರುವುದಿಲ್ಲ. ಎರಡಕ್ಕೂ ಆಗುವಂತೆ ತೂತು ಕೊರೆದ ಕೇಸುಗಳೂ ಇವೆ. ಅನುಮಾನ ಇದ್ದರೆ ರಟ್ಟಿನ ಮೇಲೆ ನಿಮ್ಮ ಬ್ಲಾಕಿನ ತೂತುಗಳ ಅಚ್ಚು ತೆಗೆದುಕೊಂಡು ಹೋಗಿ. ಹಾಸ್ಯ ಅಲ್ಲ, ನಾನು ಹಾಗೇ ಮಾಡಿದ್ದು. ಮಾರುವವರು ನಕ್ಕರು. ನಗಲಿ ಬಿಡಿ.

ಕೇಸಿನಲ್ಲಿ ವೈರ್ ಸಿಕ್ಕಿಸುವ ಸಾಕೆಟ್ ಇದ್ದರೆ ಅದು ಆಮೇಲೆ ಬಂದ ಲಾಕ್‌ಅಪ್ ಕನ್ವರ್ಟರ್‌ನ (ಕನ್ವರ್ಟರ್ ಅಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಡೋಲಿನಂಥದ್ದು) 350ಸಿ ಇರಬಹುದು. ಸುಮ್ನೆ ತಲೆನೋವು, ಬೇಡ.

ಡಿಪ್‌ಸ್ಟಿಕ್ ಇದ್ದರೆ ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಮುಗಿದಿವೆ. ಪ್ಯಾನ್ ಬಿಚ್ಚಲು ಬಿಟ್ಟರೆ ಬಿಚ್ಚಿಸಿ. ತಳದಲ್ಲಿ ತೆಳುವಾದ ಬೂದು ಕೆಸರು ಇರುವುದು ಸಹಜ. ಹೊಳೆಯುವ ಲೋಹದ ಚೂರು ಕಂಡರೆ ಮುಂದಿನದನ್ನು ನೋಡಿ. ಹೇಗಿದ್ದರೂ ಕೂರಿಸುವ ಮುಂಚೆ ಮುಂದಿನ ಪಂಪ್ ಸೀಲ್, ಹಿಂದಿನ ಟೇಲ್ ಸೀಲ್, ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್ ಹೊಸದು ಹಾಕಿ. ಗೇರ್‌ಬಾಕ್ಸ್ ಮೇಲೆ ಹೋದ ಮೇಲೆ ಮುಂದಿನ ಸೀಲ್ ಸೋರಿದರೆ ಎಲ್ಲ ಮತ್ತೆ ಇಳಿಸಬೇಕು.

ಇದರ ಜೊತೆಗೆ ಬೇಕಾದ್ದು: 350ಕ್ಕೆ ಆಗುವ ಕನ್ವರ್ಟರ್, ಕಿಕ್‌ಡೌನ್ ಕೇಬಲ್ (ಪೆಡಲ್ ತಳಕ್ಕೆ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದು) ಮತ್ತು ಕಾರ್ಬುರೇಟರ್ ಪಕ್ಕಕ್ಕೆ ಅದರ ಬ್ರಾಕೆಟ್, ಡಿಪ್‌ಸ್ಟಿಕ್ ಕೊಳವೆ, ವ್ಯಾಕ್ಯೂಮ್ ಪೈಪು, ಶಿಫ್ಟ್ ಆರ್ಮ್. ಪವರ್‌ಗ್ಲೈಡ್‌ನ ಕನ್ವರ್ಟರ್ ಇದಕ್ಕೆ ಆಗುವುದಿಲ್ಲ.

ಹಳೆಯದನ್ನು ಇಳಿಸುವುದು

ಬ್ಯಾಟರಿ ನೆಗೆಟಿವ್ ತೆಗೆಯಿರಿ. ಕಾರನ್ನು ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ. ಖಾಲಿ ಗೇರ್‌ಬಾಕ್ಸೇ ಸುಮಾರು 55 ಕೆ.ಜಿ. ಕನ್ವರ್ಟರ್ ಮತ್ತು ಒಳಗುಳಿದ ಆಯಿಲ್ ಸೇರಿದರೆ 70ರ ಹತ್ತಿರ. ಗೇರ್‌ಬಾಕ್ಸ್ ಜಾಕಿಯನ್ನು ಬಾಡಿಗೆಗೆ ತನ್ನಿ, ಅದರ ಚೈನ್ ಬಿಗಿದುಕೊಳ್ಳಿ. ಎದೆಯ ಮೇಲೆ ಇಟ್ಟುಕೊಂಡು ಎತ್ತುತ್ತೇನೆ ಅನ್ನುವ ಶೂರರ ಕತೆಗಳನ್ನು ಕೇಳಿ ಖುಷಿಪಡಿ, ಅನುಸರಿಸಬೇಡಿ.

ಆಯಿಲ್ ಬಸಿಯಿರಿ. ಡ್ರೈವ್‌ಶಾಫ್ಟ್ ತೆಗೆಯುವ ಮುಂಚೆ ಹಿಂದಿನ ಜೋಡಣೆಗೆ ಬಣ್ಣದ ಗುರುತು ಹಾಕಿ, ವಾಪಸ್ ಅದೇ ಮುಖಕ್ಕೆ ಕೂರಬೇಕು. ಕೂಲರ್ ಪೈಪು, ಸ್ಪೀಡೋಮೀಟರ್ ಕೇಬಲ್, ಗೇರ್ ಲಿಂಕೇಜ್, ಥ್ರಾಟಲ್ ರಾಡ್, ವ್ಯಾಕ್ಯೂಮ್ ಪೈಪು ಒಂದೊಂದೇ ಬಿಚ್ಚಿ. ಮುಂದಿನ ತಗಡಿನ ಮುಚ್ಚಳ ತೆಗೆದು, ಕನ್ವರ್ಟರ್ ಹಿಡಿದ 3 ಬೋಲ್ಟುಗಳನ್ನು ಎಂಜಿನ್ ತಿರುಗಿಸುತ್ತಾ ಬಿಚ್ಚಿ.

ಇಲ್ಲಿ ಒಂದು ಮಾತು. ಕ್ರಾಸ್‌ಮೆಂಬರ್ ತೆಗೆದ ಕೂಡಲೇ ಎಂಜಿನ್ನಿನ ಹಿಂಭಾಗ ಕೆಳಕ್ಕೆ ವಾಲುತ್ತದೆ. ಶೆವರ್ಲೆ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಹಿಂದೆ ಇರುವುದು, ಅದು ನೇರ ಹೋಗಿ ಫೈರ್‌ವಾಲ್‌ಗೆ, ಅಂದರೆ ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ, ಬಡಿಯುತ್ತದೆ. ಕ್ಯಾಪ್ ಮೊದಲೇ ತೆಗೆದಿಡಿ. ಎಂಜಿನ್ ಆಯಿಲ್ ಪ್ಯಾನ್ ಕೆಳಗೆ ಮರದ ಹಲಗೆ ಇಟ್ಟು ಇನ್ನೊಂದು ಜಾಕಿ ಕೊಡಿ.

ಈಗ ಬೆಲ್‌ಹೌಸಿಂಗ್‌ನ ಆರು ಬೋಲ್ಟು. ಮೇಲಿನ ಎರಡು ಕಾಣುವುದೇ ಇಲ್ಲ, ಬೆರಳಿನ ತುದಿಯಲ್ಲೇ ಹುಡುಕಬೇಕು. ಮಾರುದ್ದದ ಎಕ್ಸ್‌ಟೆನ್ಶನ್, ಅದರ ತುದಿಗೆ ತಿರುಗುವ ಜಾಯಿಂಟ್, ಅದರ ತುದಿಗೆ 9/16 ಸಾಕೆಟ್. ಹಿಂದಿನ ಬಾಲದ ಕಡೆಯಿಂದ ತೂರಿಸಿದರೆ ಸಿಗುತ್ತವೆ.

ಫ್ಲೆಕ್ಸ್‌ಪ್ಲೇಟ್

ಗೇರ್‌ಬಾಕ್ಸ್ ಕೆಳಗಿರುವಾಗ ಫ್ಲೆಕ್ಸ್‌ಪ್ಲೇಟನ್ನು (ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೂ ಕನ್ವರ್ಟರಿಗೂ ನಡುವಿನ ಹಲ್ಲಿನ ತಟ್ಟೆ) ಟಾರ್ಚ್ ಹಿಡಿದು ನೋಡಿ. ನಡುವಿನ ಬೋಲ್ಟುಗಳ ಸುತ್ತ ಕೂದಲೆಳೆ ಬಿರುಕು ಇದ್ದರೆ ಬದಲಿಸಿ. ಹಲ್ಲು ಎಣಿಸಿ: 153 ಅಥವಾ 168. ಹಳೆ ಸಂಖ್ಯೆಯದ್ದೇ ತಂದರೆ ಹಳೆ ಸ್ಟಾರ್ಟರ್ ನಡೆಯುತ್ತದೆ. ಕನ್ವರ್ಟರ್ ಬೋಲ್ಟುಗಳ ವೃತ್ತ 10.75 ಇಂಚಿನದ್ದೋ 11.5 ಇಂಚಿನದ್ದೋ ಅಂತ ನೋಡಿ, ಪ್ಲೇಟಿನದೂ ಕನ್ವರ್ಟರಿನದೂ ಹೊಂದಬೇಕು. 1986ರಿಂದ ಈಚಿನ ಸ್ಮಾಲ್ ಬ್ಲಾಕ್‌ಗೆ ಬೇರೆಯದೇ ಫ್ಲೆಕ್ಸ್‌ಪ್ಲೇಟ್. 400 ಸ್ಮಾಲ್ ಬ್ಲಾಕ್ ಮತ್ತು 454 ಬಿಗ್ ಬ್ಲಾಕ್‌ಗೆ ತೂಕ ಅಂಟಿಸಿದ ವಿಶೇಷ ಪ್ಲೇಟು ಬೇಕು, ಇಲ್ಲದಿದ್ದರೆ ಕಾರು ಗಡಗಡ ನಡುಗುತ್ತದೆ.

ಕ್ರ್ಯಾಂಕ್‌ಗೆ ಹಿಡಿಯುವ ಬೋಲ್ಟು 60 ಪೌಂಡ್-ಅಡಿ (ಟಾರ್ಕ್ ಪಾನಾದಲ್ಲಿ ನೋಡುವ ಬಿಗಿತದ ಅಳತೆ), ಎಳೆಗಳಿಗೆ ಲಾಕಿಂಗ್ ಅಂಟು ಹಚ್ಚಿ.

ನಿಮ್ಮದು ಮೊದಲು ಕ್ಲಚ್ ಪೆಡಲ್ ಇದ್ದ ಕಾರಾ? ಹಾಗಿದ್ದರೆ ಕ್ರ್ಯಾಂಕಿನ ಹಿಂತುದಿಯ ಪೈಲಟ್ ಬುಶ್ ತೆಗೆಯಲೇಬೇಕು. ಕನ್ವರ್ಟರ್‌ನ ಮೂಗು ಆ ಗುಂಡಿಯಲ್ಲೇ ಕೂರುವುದು.

ಬ್ಲಾಕಿನ ಹಿಂಬದಿ ಎರಡು ದಪ್ಪ ಡೋವೆಲ್ ಪಿನ್‌ಗಳಿವೆಯಾ ನೋಡಿ. ಗೇರ್‌ಬಾಕ್ಸನ್ನು ನಡುಮಧ್ಯಕ್ಕೆ ಹಿಡಿಯುವುದು ಬೋಲ್ಟುಗಳಲ್ಲ, ಇವು. ಕಳೆದಿದ್ದರೆ ಹೊಸದು ಹೊಡೆಯಿರಿ. ಮುಖಗಳ ಮೇಲಿನ ತುಕ್ಕು, ಪೇಂಟು ಕೆರೆದು ತೆಗೆಯಿರಿ.

ಕನ್ವರ್ಟರ್: ಇಲ್ಲೇ ಇರುವುದು ಎಲ್ಲ

ಈ ಬರಹದಲ್ಲಿ ಬೇರೆ ಏನು ಓದದಿದ್ದರೂ ಇದೊಂದನ್ನು ಎರಡು ಸಲ ಓದಿ.

ಕನ್ವರ್ಟರ್ ಒಳಕ್ಕೆ ಹೋಗುವಾಗ ಒಂದಲ್ಲ, ಮೂರು ಕಡೆ ಕಚ್ಚಿಕೊಳ್ಳಬೇಕು. ಒಳಗಿನ ಇನ್‌ಪುಟ್ ಶಾಫ್ಟಿನ ಹಲ್ಲು, ಅದರ ಹೊರಗಿನ ಸ್ಟೇಟರ್ ಹಲ್ಲು, ಕೊನೆಗೆ ಪಂಪಿನ ಗೇರಿನ ಎರಡು ಕಿವಿ. ಮೂರನೆಯದು ಸಿಕ್ಕದಿದ್ದರೂ ಅದು ಕೂತಂತೆಯೇ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ.

ಗೇರ್‌ಬಾಕ್ಸನ್ನು ನೆಲದ ಮೇಲೆ ಮೂಗು ಸ್ವಲ್ಪ ಮೇಲಾಗಿ ಇಡಿ. ಕನ್ವರ್ಟರ್‌ಗೆ ಒಂದು ಕ್ವಾರ್ಟ್, ಅಂದರೆ ಲೀಟರಿಗೆ ಚೂರು ಕಮ್ಮಿ, ಹೊಸ ಆಯಿಲ್ ಸುರಿಯಿರಿ. ಕುತ್ತಿಗೆಗೆ ಮತ್ತು ಸೀಲಿಗೆ ಅದೇ ಆಯಿಲ್ ಸವರಿ. ಮೆಲ್ಲಗೆ ಒಳಕ್ಕೆ ತಳ್ಳಿ, ಬೀಸುವ ಕಲ್ಲು ತಿರುಗಿಸುವ ಹಾಗೆ ಎರಡೂ ಕೈಯಲ್ಲಿ ತಿರುಗಿಸುತ್ತಾ ಇರಿ. ಒಂದು ಸಲ ಟಕ್ ಅಂತ ಒಳಗೆ ಜಾರುತ್ತದೆ. ತಿರುಗಿಸಿ. ಇನ್ನೊಂದು ಟಕ್. ನಿಲ್ಲಿಸಬೇಡಿ. ಮೂರನೇ ಸಲ ಬರುವುದು ಸದ್ದಿಗಿಂತ ಜಾಸ್ತಿ ಕೈಗೆ ಗೊತ್ತಾಗುತ್ತದೆ. ಇಡೀ ಕನ್ವರ್ಟರ್ ಅರ್ಧ ಇಂಚಿನಷ್ಟು ದಬಕ್ಕನೆ ಒಳಗೆ ಕೂರುತ್ತದೆ. ಆಮೇಲೆ ಬೆಲ್‌ಹೌಸಿಂಗ್ ಬಾಯಿಗೆ ನೆಟ್ಟಗಿನ ಪಟ್ಟಿ ಅಡ್ಡ ಇಟ್ಟು ಅಳೆಯಿರಿ. ಕನ್ವರ್ಟರ್‌ನ ಬೋಲ್ಟ್ ಕಿವಿಗಳು ಪಟ್ಟಿಯಿಂದ ಒಂದು ಇಂಚಿಗಿಂತ ಆಳದಲ್ಲಿರಬೇಕು.

ನನ್ನ ಮೊದಲ ಸಲದ ಎಡವಟ್ಟು ಹೇಳುತ್ತೇನೆ. ಮೂರೂ ಟಕ್ ಕೇಳಿಸಿಕೊಂಡೇ ಕೂರಿಸಿದ್ದೆ. ಆದರೆ ಜಾಕಿಯ ಮೇಲೆ ಎತ್ತುವಾಗ ಮೂಗು ಕೆಳಗಾಯಿತು, ಕನ್ವರ್ಟರ್ ಮುಂದಕ್ಕೆ ಜಾರಿತು. ನೋಡಲಿಲ್ಲ. ಮೇಲೆ ಹೋದಾಗ ಬೆಲ್‌ಹೌಸಿಂಗ್‌ಗೂ ಬ್ಲಾಕ್‌ಗೂ ನಡುವೆ ಬೆರಳು ತೂರುವಷ್ಟು ಸಂದು. "ಬೋಲ್ಟ್ ಬಿಗಿದರೆ ಬರುತ್ತೆ ಬಿಡು" ಅಂದುಕೊಂಡೆ. ಬಂತು. ಜೊತೆಗೆ ಒಂದು ಕಟಕ್ ಸದ್ದೂ ಬಂತು. ಎಂಜಿನ್ ಚಾಲೂ ಮಾಡಿದರೆ ಯಾವ ಗೇರಿಗೆ ಹಾಕಿದರೂ ಕಾರು ಅಲ್ಲಾಡಲಿಲ್ಲ. ಬಿಚ್ಚಿ ನೋಡಿದರೆ ಪಂಪಿನ ಗೇರಿನ ಕಿವಿಗಳು ಮುರಿದು ಬಿದ್ದಿದ್ದವು. ಎರಡು ಭಾನುವಾರದ ಕೆಲಸ ಹತ್ತು ನಿಮಿಷದ ಆತುರಕ್ಕೆ ಹೋಯಿತು.

ಆಮೇಲಿಂದ ನನಗೆ ನಾನೇ ಹಾಕಿಕೊಂಡ ಕಟ್ಟಳೆ: ಎತ್ತುವ ಮುಂಚೆ ಬೆಲ್‌ಹೌಸಿಂಗ್ ಬಾಯಿಗೆ ಅಡ್ಡವಾಗಿ ಒಂದು ತಗಡಿನ ಪಟ್ಟಿ ಬೋಲ್ಟ್ ಮಾಡಿ ಕನ್ವರ್ಟರನ್ನು ಹಿಡಿದಿಡುವುದು. ಕೊನೇ ಗಳಿಗೆಯಲ್ಲಿ ಮಾತ್ರ ತೆಗೆಯುವುದು.

ಮೇಲೆ ಎತ್ತಿ ಕೂರಿಸುವುದು

ಜಾಕಿ ಏರಿಸುತ್ತಾ ಗೇರ್‌ಬಾಕ್ಸಿನ ಓರೆಯನ್ನು ಎಂಜಿನ್ನಿನ ಓರೆಗೆ ಹೊಂದಿಸಿ. ಡೋವೆಲ್ ಪಿನ್‌ಗಳು ತೂತಿಗೆ ಬಂದಾಗ ಕೈಯಲ್ಲೇ ಅಲುಗಾಡಿಸಿ ಮುಂದಕ್ಕೆ ತಳ್ಳಿ. ಬೆಲ್‌ಹೌಸಿಂಗ್ ಬ್ಲಾಕಿಗೆ ಪೂರ್ತಿ ತಾಗಬೇಕು, ಅದೂ ಕೈ ಬಲದಲ್ಲೇ. ತಾಗದಿದ್ದರೆ ಹಿಂದಕ್ಕೆ ತೆಗೆದು ಯಾಕೆ ಅಂತ ನೋಡಿ. ಪಾನಾ ಮುಟ್ಟಬೇಡಿ.

ತಾಗಿತಾ? ಈಗಲೂ ಬೋಲ್ಟ್ ಬಿಗಿಯುವ ಮುಂಚೆ ಕೆಳಗಿನಿಂದ ಕೈ ಹಾಕಿ ಕನ್ವರ್ಟರ್ ತಿರುಗಿಸಿ. ಸಲೀಸಾಗಿ ತಿರುಗಬೇಕು. ತಿರುಗಿದರೆ ಆರೂ ಬೋಲ್ಟು ಹಾಕಿ 35 ಪೌಂಡ್-ಅಡಿಗೆ ಬಿಗಿಯಿರಿ. ಡಿಪ್‌ಸ್ಟಿಕ್ ಕೊಳವೆಯ ಬ್ರಾಕೆಟ್ ಅದರಲ್ಲೇ ಒಂದು ಬೋಲ್ಟಿನಡಿ ಹೋಗುತ್ತದೆ, ಮರೆತರೆ ಆಮೇಲೆ ಬೈದುಕೊಳ್ಳುತ್ತೀರಿ.

ಮುಂದಿನದು ಸಂದಿನ ಅಳತೆ. ಕನ್ವರ್ಟರನ್ನು ಹಿಂದಕ್ಕೆ ತಳ್ಳಿ ಹಿಡಿದು, ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ ನಡುವಿನ ಸಂದು ಅಳೆಯಿರಿ. 1/8ರಿಂದ 3/16 ಇಂಚು, ಅಂದರೆ ಸುಮಾರು 3ರಿಂದ 5 ಮಿ.ಮೀ. ಇರಬೇಕು. ಡ್ರಿಲ್ ಬಿಟ್ ತೂರಿಸಿ ನೋಡಿದರೆ ಸಾಕು. ಸಂದೇ ಇಲ್ಲದಿದ್ದರೆ ಪಂಪ್ ಸವೆದು ಸಾಯುತ್ತದೆ. ಜಾಸ್ತಿ ಇದ್ದರೆ ಮೂರೂ ಬೋಲ್ಟಿಗೆ ಒಂದೇ ದಪ್ಪದ ಗಟ್ಟಿ ವಾಷರ್ ಕೊಡಿ. ಬೋಲ್ಟುಗಳು 35 ಪೌಂಡ್-ಅಡಿ. ಉದ್ದ ಬೋಲ್ಟ್ ಹಾಕಿ ಕನ್ವರ್ಟರ್ ಮೈಗೆ ತೂತು ಮಾಡಿದವರೂ ಇದ್ದಾರೆ, ಅಳೆದು ಹಾಕಿ.

ಕ್ರಾಸ್‌ಮೆಂಬರ್ ಮತ್ತು ಹೊಸ ರಬ್ಬರ್ ಮೌಂಟ್ ಹಾಕಿ. ಡ್ರೈವ್‌ಶಾಫ್ಟ್ ತೂರಿಸಿ. ಯೋಕ್ ಪೂರ್ತಿ ಒಳಗೆ ಹೋಗಿ ತಳಕ್ಕೆ ಗುದ್ದಿ ನಿಲ್ಲಬಾರದು, ಮುಕ್ಕಾಲಿಂಚಿನಷ್ಟಾದರೂ ಆಚೆ ಉಳಿದಿರಬೇಕು.

ಪೈಪು, ಕೇಬಲ್, ಲಿವರ್

ಕೂಲರ್ ಪೈಪುಗಳು ಎರಡು. 350ರಲ್ಲಿ ಕೆಳಗಿನದರಿಂದ ಬಿಸಿ ಆಯಿಲ್ ರೇಡಿಯೇಟರ್‌ಗೆ ಹೋಗುತ್ತದೆ, ಮೇಲಿನದಕ್ಕೆ ವಾಪಸ್ ಬರುತ್ತದೆ. ಪವರ್‌ಗ್ಲೈಡ್ ಕಾರಿನ ರೇಡಿಯೇಟರಿನಲ್ಲಿ ಕೂಲರ್ ಮೊದಲೇ ಇರುತ್ತದೆ, ಪೈಪನ್ನು ಸ್ವಲ್ಪ ಬಾಗಿಸಿದರೆ ಸಾಕು. ಹಳೆ ಕೊಳೆ ಹೊಸ ಗೇರ್‌ಬಾಕ್ಸಿಗೆ ಬರದಂತೆ ಕೂಲರ್ ಒಳಗೆ ಕ್ಲೀನರ್ ಹಾಯಿಸಿ, ಗಾಳಿ ಊದಿ. ಕೇಸು ಅಲ್ಯೂಮಿನಿಯಂ, ಫಿಟ್ಟಿಂಗನ್ನು ಆವೇಶದಲ್ಲಿ ಬಿಗಿದರೆ ಸೀಳುತ್ತದೆ.

ವ್ಯಾಕ್ಯೂಮ್ ಮಾಡ್ಯುಲೇಟರ್ ಗೇರ್‌ಬಾಕ್ಸಿನ ಬಲಭಾಗದಲ್ಲಿ, ಹಿಂದೆ ಇದೆ. ಪುಟ್ಟ ಡಬ್ಬಿಯಂಥದ್ದು. ಎಂಜಿನ್ ಮೇಲೆ ಎಷ್ಟು ಹೊರೆ ಇದೆ ಅಂತ ಗೇರ್‌ಬಾಕ್ಸಿಗೆ ತಿಳಿಸುವುದು ಇದೇ. ಇದಕ್ಕೆ ನೇರ ಇನ್‌ಟೇಕ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕೊಡಬೇಕು, ಕಾರ್ಬುರೇಟರಿನ ಥ್ರಾಟಲ್ ಮೇಲಿನ ತೂತಿನದ್ದಲ್ಲ. ಉದ್ದಕ್ಕೂ ಸ್ಟೀಲ್ ಪೈಪು, ಎರಡು ತುದಿಗೆ ಮಾತ್ರ ರಬ್ಬರು. ಬರೀ ರಬ್ಬರ್ ಎಳೆದರೆ ಎಕ್ಸಾಸ್ಟ್ ಪಕ್ಕದಲ್ಲಿ ಕರಗುತ್ತದೆ. ಆಗ ಗೇರು ತಡವಾಗಿ, ಧಡ್ ಅಂತ ಬೀಳುತ್ತದೆ. ಜನ ಗೇರ್‌ಬಾಕ್ಸ್ ಕೆಟ್ಟಿತು ಅಂತ ಬಿಚ್ಚಿಸುತ್ತಾರೆ, ತಪ್ಪು ನೋಡಿದರೆ ಮೂರು ಕಾಸಿನ ಹೋಸಿನದ್ದು. ಹಳೆ ಮಾಡ್ಯುಲೇಟರ್‌ನ ಹೋಸ್ ಎಳೆದಾಗ ಒಳಗೆ ಕೆಂಪು ಆಯಿಲ್ ಕಂಡರೆ ಅದರ ಪರದೆ ಹರಿದಿದೆ. ಎಂಜಿನ್ ಆ ಆಯಿಲನ್ನು ಹೀರಿ ಬಿಳಿ ಹೊಗೆ ಬಿಡುತ್ತದೆ.

ಕಿಕ್‌ಡೌನ್ ಕೇಬಲ್ ಕೂಡ ಬಲಗಡೆಯೇ ಹೋಗುವುದು. ಪ್ಯಾನ್ ಹಾಕುವ ಮುಂಚೆ ಅದನ್ನು ಒಳಗಿನ ಕೊಂಡಿಗೆ ಸಿಕ್ಕಿಸಿ, ಆಮೇಲೆ ಹಾಕುತ್ತೇನೆ ಅಂದರೆ ಒದ್ದಾಟ. ಮೇಲ್ಗಡೆ ಕಾರ್ಬುರೇಟರ್ ಪೂರ್ತಿ ತೆರೆದಾಗ ಕೇಬಲ್ ಪೂರ್ತಿ ಎಳೆದಿರಬೇಕು. ಒಬ್ಬರು ಒಳಗೆ ಕೂತು ಆಕ್ಸಲರೇಟರ್ ತಳಕ್ಕೆ ಒತ್ತಲಿ, ನೀವು ಬಾನೆಟ್ ಕೆಳಗೆ ನೋಡಿ. ಪವರ್‌ಗ್ಲೈಡ್‌ನ ಥ್ರಾಟಲ್ ರಾಡ್ ಇನ್ನು ಬೇಡ.

ಲಿವರ್ ಕತೆ ಸ್ವಲ್ಪ ಕಿರಿಕಿರಿ. ಪವರ್‌ಗ್ಲೈಡ್‌ಗೆ ಐದು ಜಾಗ: ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಲೋ. 350ಕ್ಕೆ ಆರು. ಹಳೆ ಲಿವರನ್ನೇ ಇಟ್ಟುಕೊಂಡರೆ ಕೆಳಗಿನ ಒಂದು ಗೇರು ಕೈಗೆ ಸಿಗದೆ ಹೋಗಬಹುದು. ಕನ್ಸೋಲ್ ಶಿಫ್ಟರ್ ಆದರೆ ಒಳಗಿನ ಕಚ್ಚುಗಳ ಪ್ಲೇಟ್ ಬದಲಿಸಿ. ಯಾವುದೇ ಇರಲಿ, ಗೇರ್‌ಬಾಕ್ಸ್ ಕಡೆಯ ಆರ್ಮನ್ನು ಕೈಯಲ್ಲಿ ಒಂದೊಂದೇ ಕಚ್ಚಿಗೆ ಇಟ್ಟು, ಲಿವರ್ ಅದೇ ಹೆಸರಿಗೆ ಬರುವಂತೆ ರಾಡ್ ಹೊಂದಿಸಿ. ಪಾರ್ಕಿನಲ್ಲಿ ಕಾರು ತಳ್ಳಿ ನೋಡಿ, ಕದಲಬಾರದು. ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವಂತೆ ಸೇಫ್ಟಿ ಸ್ವಿಚ್ ಸರಿಮಾಡಿ.

ಸ್ಪೀಡೋಮೀಟರಿಗೆ ಒಂದು ಲೆಕ್ಕ ಇದೆ. 20168ನ್ನು ಇಂಚಿನಲ್ಲಿ ಅಳೆದ ಟೈರಿನ ಎತ್ತರದಿಂದ ಭಾಗಿಸಿದರೆ ಮೈಲಿಗೆ ಎಷ್ಟು ಸುತ್ತು ಅಂತ ಸಿಗುತ್ತದೆ. 26 ಇಂಚಿನ ಟೈರಿಗೆ ಸುಮಾರು 776. ಅದನ್ನು ಆಕ್ಸಲ್ ಅನುಪಾತದಿಂದ, ಒಳಗಿನ ಡ್ರೈವ್ ಗೇರಿನ ಹಲ್ಲಿನಿಂದ ಗುಣಿಸಿ 1000ದಿಂದ ಭಾಗಿಸಿ. ಆಕ್ಸಲ್ 3.31, ಹಲ್ಲು 8 ಆದರೆ ಉತ್ತರ 20.5. ಅಂದರೆ 20 ಅಥವಾ 21 ಹಲ್ಲಿನ ಪ್ಲಾಸ್ಟಿಕ್ ಗೇರು ಹಾಕಿ.

ಆಯಿಲ್, ಮೊದಲ ಸ್ಟಾರ್ಟ್

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಡೆಕ್ಸ್‌ರಾನ್ ಆಯಿಲ್ ತನ್ನಿ. ಖಾಲಿ ಗೇರ್‌ಬಾಕ್ಸಿಗೂ ಕನ್ವರ್ಟರಿಗೂ ಸೇರಿ ಸುಮಾರು 10 ಕ್ವಾರ್ಟ್ ಹಿಡಿಯುತ್ತದೆ, ಎಲ್ಲ ಒಟ್ಟಿಗೆ ಸುರಿಯಬೇಡಿ. ಮೊದಲು 4ರಿಂದ 5 ಕ್ವಾರ್ಟ್. ಚಕ್ರ ನೆಲದಿಂದ ಮೇಲೇ ಇರಲಿ. ಸ್ಟಾರ್ಟ್ ಮಾಡಿದ ತಕ್ಷಣ ಪಂಪ್ ಎಳೆಯಲು ಶುರುಮಾಡುತ್ತದೆ, ಆಯಿಲ್ ಸರ್ರನೆ ಇಳಿಯುತ್ತದೆ. ಎಂಜಿನ್ ನಡೆಯುತ್ತಿರುವಾಗಲೇ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋಗಿ. ಬ್ರೇಕ್ ಒತ್ತಿ ಲಿವರನ್ನು ಎಲ್ಲ ಜಾಗಕ್ಕೂ ಒಂದೊಂದು ಸಲ ಒಯ್ದು ಪಾರ್ಕಿಗೆ ತಂದು ಡಿಪ್‌ಸ್ಟಿಕ್ ನೋಡಿ. 350ರ ಆಯಿಲ್ ನೋಡುವುದು ಹೀಗೇ: ಎಂಜಿನ್ ನಡೆಯುತ್ತಾ, ಪಾರ್ಕಿನಲ್ಲಿ, ಬಿಸಿಯಾದ ಮೇಲೆ. ಜಾಸ್ತಿ ತುಂಬಿದರೆ ನೊರೆ ಬರುತ್ತದೆ, ನೊರೆ ಬಂದರೆ ಗೇರು ಜಾರುತ್ತದೆ.

ಈಗಲೇ ವಾಪಸ್ ಬರುವ ಕೂಲರ್ ಪೈಪನ್ನು ಬಿಚ್ಚಿ ಡಬ್ಬಿಗೆ ಹಿಡಿದು ನೋಡಿ. ಅರ್ಧ ನಿಮಿಷದೊಳಗೆ ಒಂದು ಕ್ವಾರ್ಟ್ ಬರಬೇಕು. ತೊಟ್ಟಿಕ್ಕಿದರೆ ಕೂಲರ್ ಕಟ್ಟಿದೆ. ನೋಡಿದ ಮೇಲೆ ಬಂದಷ್ಟೂ ಆಯಿಲ್ ತುಂಬಿ.

ರಸ್ತೆಗೆ ಇಳಿಸಿದಾಗ ಮೊದಲ ಐದಾರು ಮೈಲಿ ಮೆತ್ತಗೆ ಓಡಿಸಿ. ಹಗುರ ಕಾಲಿನಲ್ಲಿ ಎರಡನೇ ಗೇರು, ಮೂರನೇ ಗೇರು ಸದ್ದಿಲ್ಲದೆ ಬರಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಒಂದು ಸಲ ಪೆಡಲ್ ತಳಕ್ಕೆ ಒತ್ತಿ. ಕೆಳಗಿನ ಗೇರಿಗೆ ಬಿದ್ದು ಕಾರು ನೆಗೆದರೆ ಕೇಬಲ್ ಸರಿ ಇದೆ. ಮನೆಗೆ ಬಂದು ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಕೆಂಪು ಚುಕ್ಕೆ ಎಲ್ಲಿ ಬಿದ್ದಿದೆ ಅಂತ ನೋಡಿದರೆ ಯಾವ ಸೀಲ್ ಅಂತ ಗೊತ್ತಾಗುತ್ತದೆ. ಪ್ಯಾನ್ ಬೋಲ್ಟುಗಳನ್ನು ಒಂದು ಸಲ 12 ಪೌಂಡ್-ಅಡಿಗೆ ನೋಡಿ, ಗ್ಯಾಸ್ಕೆಟ್ ಕೂತ ಮೇಲೆ ಸಡಿಲಾಗಿರುತ್ತವೆ.

ಇನ್ನು ಇಳಿಸಿಟ್ಟ ಪವರ್‌ಗ್ಲೈಡ್. ಗುಜರಿಗೆ ಹಾಕಬೇಡಿ. ಮುಂದೆ ಕಾರು ಕೊಳ್ಳುವವರು ಅಸಲಿ ಗೇರ್‌ಬಾಕ್ಸ್ ಇದೆಯಾ ಅಂತ ಕೇಳೇ ಕೇಳುತ್ತಾರೆ, ಡ್ರ್ಯಾಗ್ ರೇಸ್‌ನವರಂತೂ ಇಂದಿಗೂ ಈ ಎರಡು ಗೇರಿನ ಪೆಟ್ಟಿಗೆಯನ್ನೇ ಹುಡುಕುತ್ತಾರೆ. ಪೈಪಿನ ತೂತುಗಳಿಗೆ ಬಿರಡೆ ಹಾಕಿ, ಹಿಂದಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿ ಅದರ ಮೇಲೇ ಇಡಿ. ನಮ್ಮದು ಗ್ಯಾರೇಜಿನ ಮೂಲೆಯಲ್ಲಿ ಹಲಗೆಯ ಮೇಲಿದೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಸರಿಸುವ ಸಲಿಕೆ ಒರಗಿಸಿಟ್ಟಿರುತ್ತೇನೆ.